ಮಿತವಾದ ಮೊತ್ತದಲ್ಲಿ ಮನೆಗೊಂದು ಅಸೆಂಬಲ್ಡ್ ಕಂಪ್ಯೂಟರ್: ಬಿಡಿಭಾಗಗಳ ಆಯ್ಕೆಯೂ ಬಿಲ್ಲಿನ ಲೆಕ್ಕವೂ

ಕಳೆದ ತಿಂಗಳು ಸಂಸ್ಥೆಯ ಸಭೆ ಮುಗಿದ ಬಳಿಕ ಸದಸ್ಯರೊಬ್ಬರು ಒಂದು ಹಾಳೆಯನ್ನು ನನ್ನ ಮುಂದಿಟ್ಟರು. ಮಗಳು ಪಿ.ಯು.ಸಿ. ಸೇರಿದ್ದಾಳೆ, ಅವಳ ಅಭ್ಯಾಸಕ್ಕೆ ಕಂಪ್ಯೂಟರ್ ಬೇಕು. ರಾತ್ರಿ ಅಂಗಡಿಯಿಂದ ಬಂದ ಮೇಲೆ ತಾವು ಅದರಲ್ಲಿಯೇ ಟ್ಯಾಲಿ ಲೆಕ್ಕ ನೋಡಬೇಕು. ಮಾನಿಟರ್ ಹಳೆಯದು ಇದೆ. ತೆರಿಗೆ ಬಿಟ್ಟು 50,000 ರೂಪಾಯಿ ಮೀರಬಾರದು ಎಂಬುದು ಅವರ ಷರತ್ತು. ಹಾಳೆಯಲ್ಲಿದ್ದುದು ಅಂಗಡಿಯವರು ಬರೆದುಕೊಟ್ಟ ಕೊಟೇಶನ್. ಮೊತ್ತದ ಮೂರನೆಯ ಒಂದು ಭಾಗ ಗ್ರಾಫಿಕ್ಸ್ ಕಾರ್ಡಿಗೆ ಹೋಗಿತ್ತು. ಬಣ್ಣದ ದೀಪಗಳುಳ್ಳ ಗಾಜಿನ ಕ್ಯಾಬಿನೆಟ್ ಇತ್ತು. ಎಸ್.ಎಂ.ಪಿ.ಎಸ್. ಎಂಬ ಸಾಲಿನ ಎದುರು "ಕ್ಯಾಬಿನೆಟ್ ಜೊತೆ ಉಚಿತ" ಎಂದು ಬರೆದಿತ್ತು. ವಿಂಡೋಸ್, ಯು.ಪಿ.ಎಸ್., ಬ್ಯಾಕಪ್ ಡ್ರೈವ್ - ಈ ಮೂರರ ಪ್ರಸ್ತಾಪವೇ ಇರಲಿಲ್ಲ.

ಆ "ಉಚಿತ" ಎಂಬ ಶಬ್ದವನ್ನು ಕಂಡೊಡನೆ ನನಗೆ 2022ರ ಸೆಪ್ಟೆಂಬರ್ ತಿಂಗಳು ನೆನಪಾಯಿತು. ತೆರಿಗೆ ಲೆಕ್ಕಪರಿಶೋಧನೆಯ ಗಡುವು ಹತ್ತಿರ ಬಂದಿತ್ತು. ಹುಬ್ಬಳ್ಳಿಯ ನನ್ನ ಕಕ್ಷಿದಾರರೊಬ್ಬರ ಕಂಪ್ಯೂಟರಿನಿಂದ ಒಂದು ಮುಂಜಾನೆ ಸುಟ್ಟ ವಾಸನೆ ಬಂದು ಯಂತ್ರ ನಿಂತುಹೋಯಿತು. ಕೆಟ್ಟಿದ್ದು ಕ್ಯಾಬಿನೆಟ್ ಜೊತೆ ಬಂದಿದ್ದ ಎಸ್.ಎಂ.ಪಿ.ಎಸ್. ಆದರೆ ಅದು ಒಂಟಿಯಾಗಿ ಹೋಗಲಿಲ್ಲ. ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದೊಯ್ದಿತ್ತು. ಬ್ಯಾಕಪ್ ಇದೆಯೇ ಎಂದು ವಿಚಾರಿಸಿದಾಗ ಅವರು ನಿಶ್ಚಿಂತೆಯಿಂದ, "ಡಿ ಡ್ರೈವ್‌ನಾಗ ಐತ್ರಿ ಸಾಹೇಬ್ರ" ಎಂದರು. ಸಿ ಮತ್ತು ಡಿ ಎಂಬುವು ಒಂದೇ ಡಿಸ್ಕಿನ ಎರಡು ಭಾಗಗಳು, ಒಂದೇ ಪೆಟ್ಟಿಗೆಯ ಎರಡು ಖಾನೆಗಳಿದ್ದಂತೆ ಎಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ನಾನೂ ತಿಳಿಸಿರಲಿಲ್ಲ, ಅದು ನನ್ನ ತಪ್ಪು. ಇಬ್ಬರು ಗುಮಾಸ್ತರು ಹನ್ನೊಂದು ರಾತ್ರಿ ಕುಳಿತು ಐದು ತಿಂಗಳ ಬಿಲ್ಲುಗಳನ್ನು ಮರಳಿ ನಮೂದಿಸಿದರು. ಯಂತ್ರ ಕೊಳ್ಳುವಾಗ ಎಸ್.ಎಂ.ಪಿ.ಎಸ್.ನಲ್ಲಿ ಉಳಿಸಿದ್ದು ಸುಮಾರು 1,400 ರೂಪಾಯಿ.

ಆದುದರಿಂದ ಬಜೆಟ್ ಹಂಚುವಾಗ ನಾನು ಅನುಸರಿಸುವ ಕ್ರಮ ಅಂಗಡಿಯವರ ಕ್ರಮಕ್ಕೆ ವಿರುದ್ಧವಾದದ್ದು. ಅವರು ಪ್ರೊಸೆಸರ್‌ನಿಂದ ಪ್ರಾರಂಭಿಸಿ ಉಳಿದ ಹಣದಲ್ಲಿ ಎಸ್.ಎಂ.ಪಿ.ಎಸ್. ಕೊಡುತ್ತಾರೆ. ನಾನು ಮೊದಲು ಎಸ್.ಎಂ.ಪಿ.ಎಸ್., ಯು.ಪಿ.ಎಸ್., ಬ್ಯಾಕಪ್ ಡ್ರೈವ್ ಮತ್ತು ವಿಂಡೋಸ್ ಪರವಾನಗಿಯ ಮೊತ್ತವನ್ನು ತೆಗೆದಿಟ್ಟು, ಉಳಿದುದರಲ್ಲಿ ಪ್ರೊಸೆಸರ್ ಯಾವುದೆಂದು ನೋಡುತ್ತೇನೆ. ಬ್ಯಾಲೆನ್ಸ್ ಶೀಟಿನಲ್ಲಿ ಕಾಣದ ಆಸ್ತಿಯೆಂದರೆ ಡಿಸ್ಕಿನೊಳಗಿನ ಲೆಕ್ಕ. ಪ್ರೊಸೆಸರ್ ಹೋದರೆ ಹೊಸದು ಸಿಗುತ್ತದೆ.

ಈಗ ಬಿಡಿಭಾಗಗಳನ್ನು ನೋಡೋಣ. ಲೆಕ್ಕಪತ್ರ, ಪತ್ರವ್ಯವಹಾರ, ಜಿ.ಎಸ್.ಟಿ. ಜಾಲತಾಣ, ಮಕ್ಕಳ ಪಾಠದ ವಿಡಿಯೋ - ಇಷ್ಟು ಕೆಲಸಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಅನಾವಶ್ಯಕ. ಪ್ರೊಸೆಸರಿನಲ್ಲಿಯೇ ಅಡಕವಾಗಿರುವ ಗ್ರಾಫಿಕ್ಸ್ ಸಾಕು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಸಂಖ್ಯೆಯ ಕೊನೆಗೆ "ಎಫ್" ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಅದು ಸ್ವಲ್ಪ ಅಗ್ಗ. ಮನೆಗೆ ತಂದು ಜೋಡಿಸಿದ ಮೇಲೆ ಪರದೆಯಲ್ಲಿ ಏನೂ ಮೂಡದೆ, ಕಾರ್ಡ್ ಕೊಳ್ಳಲು ಮತ್ತೆ ಅಂಗಡಿಗೆ ಓಡಬೇಕಾಗುತ್ತದೆ. ಎ.ಎಂ.ಡಿ.ಯ ರೈಜನ್ 5000 ಶ್ರೇಣಿಯಲ್ಲಿ ಸಂಖ್ಯೆಯ ನಂತರ "ಜಿ" ಅಕ್ಷರ ಬರುವಂಥವುಗಳಲ್ಲಿ ಮಾತ್ರ ಗ್ರಾಫಿಕ್ಸ್ ಇದೆ. 2022ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ ಐ3 12100 ನನ್ನ ಕಛೇರಿಯ ಮೂರು ಯಂತ್ರಗಳಲ್ಲಿದೆ. ನಾಲ್ಕು ಕೋರುಗಳ ಈ ಸಾಧಾರಣ ಪ್ರೊಸೆಸರ್ ರಿಟರ್ನ್ ತುಂಬುವ ದಿನಗಳಲ್ಲಿಯೂ ತಡವರಿಸಿಲ್ಲ. ಇದಕ್ಕಿಂತ ಮೇಲಿನದು ವಿಡಿಯೋ ಸಂಕಲನ ಅಥವಾ ಯಂತ್ರಭಾಗಗಳ ಡ್ರಾಯಿಂಗ್ ಮಾಡುವವರಿಗೆ ಬೇಕು. ಅಂತಹ ಕಿರು ಉದ್ಯಮಿಗಳು ನಮ್ಮ ಸದಸ್ಯರಲ್ಲಿದ್ದಾರೆ. ಅವರ ಲೆಕ್ಕ ಬೇರೆ.

ಹಳೆಯ ತಲೆಮಾರಿನ ಬೋರ್ಡ್ ಮತ್ತು ಪ್ರೊಸೆಸರ್ ಜೋಡಿ ಅರ್ಧ ಬೆಲೆಗೆ ಸಿಗುತ್ತದೆ ಎಂಬ ಆಮಿಷವೂ ಉಂಟು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಕ್ತಾಯವಾಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ, ಇಂಟೆಲ್ ಕೋರ್ ಶ್ರೇಣಿಯಾದರೆ ಎಂಟನೆಯ ತಲೆಮಾರಿನ ಅಥವಾ ಅನಂತರದ ಪ್ರೊಸೆಸರೂ ಬೇಕೆಂದು ಮೈಕ್ರೋಸಾಫ್ಟ್ ವಿಧಿಸಿದೆ. ನಾಲ್ಕನೆಯ ತಲೆಮಾರಿನ ಯಂತ್ರವನ್ನು ಬ್ಯಾಂಕಿನ ವ್ಯವಹಾರಕ್ಕೆ ಬಳಸಬೇಕೆನ್ನುವವರು ಈ ಮಾತನ್ನು ಗಮನಿಸಬೇಕು.

ಮದರ್‌ಬೋರ್ಡಿನ ಬಗ್ಗೆ ವ್ಯಾಪಾರಿಗಳಿಗೆ ವಿಶೇಷವಾಗಿ ಹೇಳಬೇಕಾದ ಸಂಗತಿಯೊಂದಿದೆ. ನಮ್ಮಲ್ಲಿ ಬಹಳಷ್ಟು ಜನ ಇಂದಿಗೂ ಕಾರ್ಬನ್ ಪ್ರತಿಯ ಬಿಲ್ಲಿಗಾಗಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇಟ್ಟುಕೊಂಡಿದ್ದಾರೆ. ಹಳೆಯ ಪ್ರಿಂಟರಿಗೆ ಪ್ಯಾರಲಲ್ ಪೋರ್ಟ್ ಬೇಕು. ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಂಪ್ಯೂಟರಿಗೆ ಜೋಡಿಸಿದವರಿಗೆ ಅನೇಕ ವೇಳೆ ಸೀರಿಯಲ್ ಪೋರ್ಟ್ ಬೇಕು. ಹೊಸ ಬೋರ್ಡುಗಳ ಹಿಂಬದಿಯಲ್ಲಿ ಇವು ಅಪರೂಪ. ಕೆಲವು ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಒಳಗಡೆ ಪಿನ್ನುಗಳ ರೂಪದಲ್ಲಿ ಇರುತ್ತವೆ. ಚಿಕ್ಕದೊಂದು ಕೇಬಲ್ ಹಾಕಿ ಹೊರತೆಗೆಯಬಹುದು. ಯು.ಎಸ್.ಬಿ. ಪರಿವರ್ತಕ ಕೆಲವೊಮ್ಮೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಹಳೆಯ ತಂತ್ರಾಂಶ ಅದನ್ನು ಗುರುತಿಸುವುದಿಲ್ಲ. ಬೋರ್ಡಿನ ಕೈಪಿಡಿಯನ್ನು ತಯಾರಕರ ಜಾಲತಾಣದಲ್ಲಿ ತೆರೆದು ನೋಡಿ ಖಚಿತಪಡಿಸಿಕೊಂಡ ನಂತರವೇ ಆರ್ಡರ್ ಕೊಡುವುದು ಲೇಸು. ಪ್ರೊಸೆಸರ್ ಬೋರ್ಡಿಗಿಂತ ಹೊಸ ತಲೆಮಾರಿನದಾದರೆ ಬಯಾಸ್ ಅಪ್‌ಡೇಟ್ ಬೇಕಾಗಬಹುದು. ಅದನ್ನು ಅಂಗಡಿಯವರೇ ಮಾಡಿಕೊಡಬೇಕೆಂದು ಮೊದಲೇ ಹೇಳಿರಿ.

ರ‍್ಯಾಮ್ 16 ಜಿ.ಬಿ. ಇದ್ದರೆ ಚೆನ್ನ, 8 ಜಿ.ಬಿ. ಇದ್ದರೂ ಈ ಕೆಲಸಗಳು ನಡೆಯುತ್ತವೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯ ದೆಸೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಅಡಿಕೆ ಧಾರಣೆಯಂತೆ ಏರಿಳಿಯುವ ಈ ಬಾಬಿಗೆ ಕೊಟೇಶನ್ ಎಷ್ಟು ದಿನ ಊರ್ಜಿತವೆಂದು ಬರೆಯಿಸಿಕೊಳ್ಳುವುದು ಅಗತ್ಯ. ಬೆಲೆ ಹೆಚ್ಚಾಗಿದ್ದಾಗ ಎರಡು ಸ್ಲಾಟುಗಳ ಬೋರ್ಡ್ ಕೊಂಡು ಒಂದೇ ಪಟ್ಟಿ ಹಾಕಿಸಿ, ಇನ್ನೊಂದನ್ನು ಮುಂದೆ ಸೇರಿಸಬಹುದು. ಡಿ.ಡಿ.ಆರ್. 4 ಮತ್ತು ಡಿ.ಡಿ.ಆರ್. 5 ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ.

ಶೇಖರಣೆಗೆ ಎಸ್.ಎಸ್.ಡಿ. ಇರಲಿ. ಸಾಟಾ ಮಾದರಿಯದು ಸೆಕೆಂಡಿಗೆ ಸುಮಾರು 550 ಎಂ.ಬಿ. ವೇಗದವರೆಗೆ ಓದಬಲ್ಲದು, ಎನ್.ವಿ.ಎಂ.ಇ. ಮಾದರಿಯದು ಅದರ ಹಲವು ಪಟ್ಟು. ಲೆಕ್ಕದ ಕೆಲಸದಲ್ಲಿ ಈ ಎರಡರ ಅಂತರ ಅಷ್ಟಾಗಿ ಗೊತ್ತಾಗದು. ಹಾರ್ಡ್ ಡಿಸ್ಕಿಗೂ ಇವೆರಡಕ್ಕೂ ಇರುವ ಅಂತರ ಮಾತ್ರ ಮೊದಲ ದಿನವೇ ಗೊತ್ತಾಗುತ್ತದೆ. ಆದರೆ ಹಾರ್ಡ್ ಡಿಸ್ಕ್ ಕೆಡುವ ಮುನ್ನ ಎಷ್ಟೋ ಸಲ ಕಟಕಟ ಸದ್ದು ಮಾಡಿ ಎಚ್ಚರಿಸುತ್ತಿತ್ತು, ಎಸ್.ಎಸ್.ಡಿ. ಸದ್ದಿಲ್ಲದೆ ಹೋಗಬಲ್ಲದು. ಜಿ.ಎಸ್.ಟಿ. ಕಾಯಿದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು, ಕಂಪನಿಗಳಾದರೆ ಕಂಪನಿ ಕಾಯಿದೆಯಂತೆ 8 ವರ್ಷ ಕಾಯ್ದಿಡಬೇಕು. ಆದುದರಿಂದ ಹೊರಗಿನ ಡ್ರೈವ್ ಒಂದನ್ನು ಬಜೆಟ್ಟಿನಲ್ಲಿಯೇ ಸೇರಿಸಿ, ವಾರಕ್ಕೊಮ್ಮೆ ಪ್ರತಿ ತೆಗೆದು ಅದನ್ನು ಬೇರೆ ಕಟ್ಟಡದಲ್ಲಿ ಇಡಿರಿ. ಯಂತ್ರ ಮನೆಯಲ್ಲಿದ್ದರೆ ಡ್ರೈವ್ ಅಂಗಡಿಯ ತಿಜೋರಿಯಲ್ಲಿರಲಿ.

ಎಸ್.ಎಂ.ಪಿ.ಎಸ್. ವಿಷಯಕ್ಕೆ ಮರಳುತ್ತೇನೆ. ಗೋಡೆಯ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ಏಕಮುಖ ವಿದ್ಯುತ್ತಾಗಿ ಪರಿವರ್ತಿಸಿ ಪ್ರತಿಯೊಂದು ಭಾಗಕ್ಕೂ ಹಂಚುವುದು ಇದರ ಕೆಲಸ. ಇದು ಹದ ತಪ್ಪಿದರೆ ಏಟು ತಗಲುವುದು ಎಲ್ಲದಕ್ಕೂ. ಉಚಿತವಾಗಿ ಬರುವವುಗಳ ಮೈಮೇಲೆ 450 ವ್ಯಾಟ್ ಎಂದು ಅಚ್ಚಾಗಿದ್ದರೂ ಅಷ್ಟನ್ನು ಸತತವಾಗಿ ಕೊಡುವ ಶಕ್ತಿ ಎಷ್ಟೋ ಸಲ ಇರುವುದಿಲ್ಲ. ಅತಿವೋಲ್ಟೇಜ್ ಆದಾಗ ತಾನೇ ಕಡಿದುಕೊಳ್ಳುವ ರಕ್ಷಣೆಯನ್ನೂ ಉಳಿತಾಯದ ಹೆಸರಿನಲ್ಲಿ ಬಿಟ್ಟಿರುತ್ತಾರೆ. 80 ಪ್ಲಸ್ ಎಂಬ ಮುದ್ರೆಯನ್ನು ನೋಡಿರಿ. ನಿಗದಿತ ಭಾರಗಳಲ್ಲಿ ಕನಿಷ್ಠ ಶೇ. 80ರಷ್ಟು ದಕ್ಷತೆ ಇದೆಯೆಂಬುದಕ್ಕೆ ಅದು ಪ್ರಮಾಣ; ರಕ್ಷಣೆಗೆ ಪ್ರಮಾಣವಲ್ಲ, ಆದ್ದರಿಂದ ರಕ್ಷಣೆಗಳ ವಿವರವನ್ನು ಪೆಟ್ಟಿಗೆಯ ಮೇಲೆ ಪ್ರತ್ಯೇಕವಾಗಿ ಓದಬೇಕು. ಹಾಗೆಂದು 750 ವ್ಯಾಟಿನದನ್ನು ಕೊಳ್ಳುವುದೂ ದುಂದುಗಾರಿಕೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಇಂತಹ ಯಂತ್ರಕ್ಕೆ ಒಳ್ಳೆಯ ತಯಾರಕರ 400 ಅಥವಾ 450 ವ್ಯಾಟ್ ಧಾರಾಳವಾಯಿತು.

ಯು.ಪಿ.ಎಸ್. ಕೊಳ್ಳುವಾಗ ವಿ.ಎ. ಮತ್ತು ವ್ಯಾಟ್ ಒಂದೇ ಎಂದು ಭಾವಿಸಬಾರದು. ಸಾಮಾನ್ಯ 600 ವಿ.ಎ. ಯು.ಪಿ.ಎಸ್. ಕೊಡುವುದು ಸುಮಾರು 360 ವ್ಯಾಟ್. ಕೆಲಸ ಉಳಿಸಿ ಯಂತ್ರ ಮುಚ್ಚಲು ಅಷ್ಟು ಸಾಕು. ಅದರ ಜೊತೆಗೆ ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿರಿ. ಹಳೆಯ ಪೇಟೆಯ ಕಟ್ಟಡಗಳಲ್ಲಿ ಮೂರನೆಯ ಪಿನ್ ಕೇವಲ ಅಲಂಕಾರಕ್ಕಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಇನ್ನು ಬಿಲ್ಲಿನ ವಿಚಾರ. ಬೆಂಗಳೂರಿನ ಎಸ್.ಪಿ. ರಸ್ತೆಗಾಗಲಿ ನಮ್ಮ ಊರಿನ ಅಂಗಡಿಗಾಗಲಿ ಹೋದಾಗ "ಬಿಲ್ ಬೇಡವೆಂದರೆ ಇಷ್ಟಕ್ಕೆ ಕೊಡುತ್ತೇನೆ" ಎಂಬ ಮಾತು ಕೇಳಿಬರುವುದುಂಟು. ಲೆಕ್ಕ ಹಾಕಿ ನೋಡೋಣ. ಬಿಡಿಭಾಗಗಳ ಬೆಲೆ 50,000, ಶೇ. 18ರ ಜಿ.ಎಸ್.ಟಿ. 9,000, ಒಟ್ಟು 59,000. ಬಿಲ್ಲಿಲ್ಲದೆ 53,000ಕ್ಕೆ ಕೊಡುತ್ತಾರೆನ್ನಿ. ಮೇಲ್ನೋಟಕ್ಕೆ 6,000 ಉಳಿತಾಯ. ಯಂತ್ರ ಪೂರ್ತಿಯಾಗಿ ವ್ಯಾಪಾರಕ್ಕೇ ಆದರೆ 9,000 ರೂಪಾಯಿ ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ಬಿಲ್ಲಿಲ್ಲದವರಿಗೆ ನಿವ್ವಳ 3,000 ನಷ್ಟ. ನಮ್ಮ ಸದಸ್ಯರಂತೆ ಅರ್ಧ ಮನೆಗೆ, ಅರ್ಧ ವ್ಯಾಪಾರಕ್ಕೆ ಎಂದಾದರೆ ಜಮೆ ಸಿಗುವುದು ವ್ಯಾಪಾರದ ಪಾಲಿಗೆ ಮಾತ್ರ, ಅಂದರೆ 4,500. ಆಗ ಬಿಲ್ಲಿನ ಖರೀದಿ 54,500 ಆಗಿ, ಬಿಲ್ಲಿಲ್ಲದ್ದು 1,500 ಅಗ್ಗವೆಂದು ತೋರುತ್ತದೆ. ಆದರೆ ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ 2017-18ನೆಯ ಆರ್ಥಿಕ ವರ್ಷದಿಂದ ಶೇ. 40ರ ಸವಕಳಿ ಇದೆ. ವ್ಯಾಪಾರದ ಪಾಲು 25,000ಕ್ಕೆ ಮೊದಲ ವರ್ಷದ ಸವಕಳಿ 10,000, ಶೇ. 30ರ ತೆರಿಗೆ ಕೊಡುವವರಿಗೆ 3,000 ಉಳಿತಾಯ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಇದರ ಅರ್ಧ. ಉಳಿದುದು ಮುಂದಿನ ವರ್ಷಗಳಿಗೆ ಸಾಗುತ್ತದೆ. ಜಮೆ ಪಡೆದ ತೆರಿಗೆಯ ಮೇಲೆ ಸವಕಳಿ ಕೇಳುವಂತಿಲ್ಲ.

ಎಲ್ಲರಿಗೂ ಈ ಲೆಕ್ಕ ಅನ್ವಯಿಸದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಜಮೆ ಇಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ ರಿಟರ್ನ್ ಸಲ್ಲಿಸುವವರಿಗೆ ಸವಕಳಿ ಆ ಲಾಭದಲ್ಲಿಯೇ ಅಡಕವಾಗಿದೆಯೆಂದು ಪರಿಗಣಿಸುತ್ತಾರೆ. ಕೇವಲ ಮನೆಗೆಂದು ಕೊಳ್ಳುವವರಿಗೆ ಎರಡೂ ಇಲ್ಲ. ಅವರಿಗೆ ಬಿಲ್ಲಿನಿಂದ ದೊರೆಯುವುದು ಕಾನೂನಿನ ನೆಮ್ಮದಿ ಮತ್ತು ವಾರಂಟಿ. ಮನೆಯಲ್ಲಿರುವ ಯಂತ್ರವನ್ನು ಪೂರ್ತಿ ವ್ಯಾಪಾರದ್ದೆಂದು ತೋರಿಸುವ ಸಲಹೆಯನ್ನು ನನ್ನಿಂದ ನಿರೀಕ್ಷಿಸಬೇಡಿ.

ಹಣ ಕೊಡುವ ರೀತಿಯೂ ಮುಖ್ಯ. ಆಸ್ತಿ ಖರೀದಿಗಾಗಿ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ಬೆಲೆಯಲ್ಲಿ ಸೇರದು, ಸವಕಳಿಯೂ ದೊರೆಯದು. ಬ್ಯಾಂಕಿನ ಮೂಲಕವೇ ಪಾವತಿ ಮಾಡಿ. ಬಿಲ್ಲಿನಲ್ಲಿ "ಕಂಪ್ಯೂಟರ್ ಒಂದು" ಎಂದು ಬರೆಯಿಸದೆ ಪ್ರತಿಯೊಂದು ಭಾಗವನ್ನೂ ಅದರ ಸೀರಿಯಲ್ ಸಂಖ್ಯೆಯೊಡನೆ ಬರೆಯಿಸಿರಿ. ಅಸೆಂಬಲ್ಡ್ ಯಂತ್ರದಲ್ಲಿ ವಾರಂಟಿ ಇಡೀ ಯಂತ್ರಕ್ಕಿಲ್ಲ, ಭಾಗಗಳಿಗೆ ಇದೆ. ಪೆಟ್ಟಿಗೆ ಸಹಿತ ಮಾರುವ ಇಂಟೆಲ್, ಎ.ಎಂ.ಡಿ. ಪ್ರೊಸೆಸರುಗಳಿಗೆ ಸಾಮಾನ್ಯವಾಗಿ ಮೂರು ವರ್ಷ. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಕೊಡುವ ಪ್ರೊಸೆಸರ್ ಅಗ್ಗವಾದರೂ ವಾರಂಟಿ ಯಾರದೆಂದು ಕೇಳಿ ತಿಳಿಯಿರಿ. ಮುಂದಿನ ತಿಂಗಳು ಜಿ.ಎಸ್.ಟಿ.ಆರ್. 2ಬಿ ತಃಖ್ತೆಯಲ್ಲಿ ಆ ಬಿಲ್ ಮೂಡಿದೆಯೇ ಎಂಬುದನ್ನು ನೋಡದೆ ಜಮೆ ತೆಗೆದುಕೊಳ್ಳಬಾರದು.

ನಮ್ಮ ಸದಸ್ಯರ ಕೊಟೇಶನ್ ತಿದ್ದುಪಡಿಯಾಯಿತು. ಗ್ರಾಫಿಕ್ಸ್ ಕಾರ್ಡ್ ಹೋಯಿತು. ಅದರ ಹಣದಲ್ಲಿ ಎಸ್.ಎಂ.ಪಿ.ಎಸ್., ಯು.ಪಿ.ಎಸ್., ಹೊರಗಿನ ಡ್ರೈವ್ ಮತ್ತು ವಿಂಡೋಸ್ ಪರವಾನಗಿಯ ಬಹುಪಾಲು ಬಂದವು. ಗಾಜಿನ ಕ್ಯಾಬಿನೆಟ್ ಬದಲು ತಗಡಿನದು ಬಂದಿತು. ದೀಪಗಳಿಲ್ಲವೆಂದು ಮಗಳು ಒಂದು ದಿನ ಮುನಿಸಿಕೊಂಡಳಂತೆ. ಒಳಗಡೆ ಪ್ಯಾರಲಲ್ ಪಿನ್ನುಗಳಿರುವ ಬೋರ್ಡ್ ಸಿಕ್ಕಿದ್ದು ಮೂರನೆಯ ಅಂಗಡಿಯಲ್ಲಿ. ಹಳೆಯ ಯಂತ್ರವನ್ನು ಅದೇ ಅಂಗಡಿಗೆ ವಿನಿಮಯದಲ್ಲಿ ಕೊಟ್ಟರು, ಅದರ ಹಾರ್ಡ್ ಡಿಸ್ಕನ್ನು ಮಾತ್ರ ಬಿಚ್ಚಿ ತಮ್ಮ ಬಳಿ ಇಟ್ಟುಕೊಂಡರು.