ಒಂದೇ ಗೇರಿನ ಬೆಟ್ಟದ ಸೈಕಲ್ಲು: ದೊಡ್ಡ ಗಾಲಿಗೆ ತಕ್ಕ ಚೌಕಟ್ಟನ್ನು ಆರಿಸುವ ಬಗೆ

ಬೈಸಿಕಲ್ಲಿನ ಭಾಗಗಳಲ್ಲಿ ಹೆಚ್ಚಿನವು ಸವೆಯತಕ್ಕವು. ಸವೆದ ಮೇಲೆ ಬದಲಾಯಿಸತಕ್ಕವು. ಟೈರು, ಸರಪಳಿ, ಪೆಡಲು, ಬ್ರೇಕು ಇವುಗಳಲ್ಲಿ ಯಾವುದು ಕೆಟ್ಟರೂ ಊರಿನ ರಿಪೇರಿ ಅಂಗಡಿಯಲ್ಲಿ ಸರಿಹೋಗುತ್ತದೆ. ಚೌಕಟ್ಟಿನ ಸಂಗತಿ ಹಾಗಲ್ಲ. ಉಳಿದ ಭಾಗಗಳೆಲ್ಲ ಅದರ ಅಳತೆಯನ್ನು ಅನುಸರಿಸಿ ಬರತಕ್ಕವು. ಚೌಕಟ್ಟು ತಪ್ಪಿದರೆ ಎಷ್ಟು ಬೆಲೆಯ ಬಿಡಿಭಾಗಗಳನ್ನು ಜೋಡಿಸಿದರೂ ಪ್ರಯೋಜನವಿಲ್ಲ. ತಂದೆತಾಯಿಗಳು ದುಡಿದು ಕೂಡಿಟ್ಟ ಹಣ ವ್ಯರ್ಥವಾಗುವುದು ಒಂದು ನಷ್ಟ. ಇಳಿಜಾರಿನಲ್ಲಿ ಮಗುವಿನ ಮೈಗೆ ಪೆಟ್ಟಾಗುವುದು ಅದಕ್ಕಿಂತ ದೊಡ್ಡ ನಷ್ಟ.

ಆದುದರಿಂದ ದೊಡ್ಡ ಗಾಲಿಯ, ಒಂದೇ ಗೇರಿನ ಬೆಟ್ಟದ ಸೈಕಲ್ಲಿಗೆ ಚೌಕಟ್ಟನ್ನು ಹೇಗೆ ಆರಿಸಬೇಕೆಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ. ಬಣ್ಣ, ಹೆಸರು, ಬೆಲೆ ಇವುಗಳನ್ನು ನೋಡುವುದಕ್ಕೆ ಮೊದಲು ಮೂರು ವಿಷಯಗಳನ್ನು ಅಳೆಯತಕ್ಕದ್ದು: ಸರಪಳಿಯನ್ನು ಬಿಗಿಗೊಳಿಸುವ ಏರ್ಪಾಡು, ಗಾಲಿಗೆ ಬೇಕಾದ ತಾವು, ಸವಾರನ ಮೈಯಳತೆ. ಇಷ್ಟಕ್ಕೂ ಬೇಕಾದ ಉಪಕರಣ ಒಂದು ಅಳತೆಪಟ್ಟಿ ಮತ್ತು ಉದ್ದನೆಯ ಒಂದು ದಾರ.

ಹುಟ್ಟಿದ ಬಗೆ

ಇಂದಿನ ಸೈಕಲ್ಲುಗಳಿಗೆಲ್ಲ ಮೂಲಪುರುಷನೆನ್ನಬಹುದಾದ ರೋವರ್ ಬೈಸಿಕಲ್ಲನ್ನು ಜಾನ್ ಕೆಂಪ್ ಸ್ಟಾರ್ಲಿಯವರು ೧೮೮೫ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿ ರೂಪಿಸಿದರು. ಬೆಟ್ಟದ ಸೈಕಲ್ಲು ಹುಟ್ಟಿದ್ದು ಇದಾದ ಎಷ್ಟೋ ಕಾಲದ ಮೇಲೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಯ ಮರಿನ್ ಜಿಲ್ಲೆಯ ತರುಣರು ೧೯೭೦ರ ದಶಕದಲ್ಲಿ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲೆ ಸಾಗಿಸಿ ಮಣ್ಣಿನ ದಾರಿಯಲ್ಲಿ ಕೆಳಗಿಳಿಸುತ್ತಿದ್ದರು. ೧೯೭೬ರಲ್ಲಿ ಅಂಥದೊಂದು ದಾರಿಯಲ್ಲಿ ಪಂದ್ಯ ಆರಂಭವಾಯಿತು. ಇಳಿಯುವಾಗ ಹಿಂಗಾಲಿಯ ಬ್ರೇಕು ಕಾದು ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕಾಗಿದ್ದುದರಿಂದ ಆ ದಾರಿಗೆ ರೀಪ್ಯಾಕ್ ಎಂಬ ಹೆಸರೇ ಬಿತ್ತು. ೧೯೭೭ರಲ್ಲಿ ಜೋ ಬ್ರೀಜ್ ಎಂಬುವರು ಬೆಟ್ಟದ ಸವಾರಿಗೆಂದೇ ಹೊಸ ಚೌಕಟ್ಟೊಂದನ್ನು ಕಟ್ಟಿದರು.

ಆ ಹಳೆಯ ಸೈಕಲ್ಲುಗಳಿಗೆ ೨೬ ಅಂಗುಲದ ಗಾಲಿಗಳಿದ್ದವು. ಆ ಕಾರಣದಿಂದಲೇ ಮುಂದೆ ಬಹುಕಾಲ ಬೆಟ್ಟದ ಸೈಕಲ್ಲಿಗೆ ೨೬ ಅಂಗುಲವೇ ರೂಢಿಯಾಯಿತು. ೧೯೯೦ರ ದಶಕದ ಕೊನೆಯ ಹೊತ್ತಿಗೆ ೨೯ ಅಂಗುಲದ ದಪ್ಪ ಟೈರುಗಳು ಬಂದವು. ೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿಯವರು ೨೯ ಅಂಗುಲದ ಗಾಲಿಯ ಮೇಲೆ ಚಿನ್ನದ ಪದಕ ಗೆದ್ದರು.

ಆದರೂ ದೊಡ್ಡ ಗಾಲಿಯಾಗಲಿ ಒಂದೇ ಗೇರಾಗಲಿ ನಮಗೆ ಹೊಸತಲ್ಲ. ಮನೆಯ ಜಗಲಿಗೆ ಒರಗಿಸಿಟ್ಟ ಕಪ್ಪು ಸೈಕಲ್ಲನ್ನು ನೋಡಿರಿ. ಅದರ ಟೈರಿನ ಮೇಲೆ ೨೮ × ೧½ ಎಂದು ಬರೆದಿದ್ದರೆ, ಟೈರು ಕುಳಿತುಕೊಳ್ಳುವ ತಾಣದಲ್ಲಿ ಅದರ ರಿಮ್ಮಿನ ವ್ಯಾಸ ೬೩೫ ಮಿಲಿಮೀಟರು. ೨೯ ಅಂಗುಲದ ಗಾಲಿಯಲ್ಲಿ ಅದೇ ಅಳತೆ ೬೨೨ ಮಿಲಿಮೀಟರು. ೨೬ ಅಂಗುಲದ ಬೆಟ್ಟದ ಗಾಲಿಯಲ್ಲಿ ೫೫೯. ಹೆಸರಿನಲ್ಲಿ ಚಿಕ್ಕದಾದ ನಮ್ಮ ೨೮ರ ರಿಮ್ಮು ೨೯ರ ರಿಮ್ಮಿಗಿಂತ ೧೩ ಮಿಲಿಮೀಟರು ದೊಡ್ಡದು! ೨೯ ಎಂಬುದು ದಪ್ಪ ಟೈರನ್ನೂ ಸೇರಿಸಿ ಸ್ಥೂಲವಾಗಿ ಹೇಳುವ ಹೊರವ್ಯಾಸ. ಆದಕಾರಣ ಹೆಸರನ್ನು ನಂಬದೆ, ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಮಿಲಿಮೀಟರಿನ ಅಂಕೆಯನ್ನೇ ಓದತಕ್ಕದ್ದು.

ದೊಡ್ಡ ಗಾಲಿಯ ಗುಣದೋಷ

ಹತ್ತು ಸೆಂಟಿಮೀಟರು ಎತ್ತರದ ಕಲ್ಲೊಂದು ದಾರಿಗೆ ಅಡ್ಡವಾಗಿದೆ ಎನ್ನೋಣ. ಗಾಲಿಯನ್ನು ನಿಧಾನವಾಗಿ ಅದರ ಮೇಲೆ ಹತ್ತಿಸಲು ಅಚ್ಚಿನಲ್ಲಿ ಮುಂದಕ್ಕೆ ಎಷ್ಟು ಬಲ ಬೇಕೆಂಬುದನ್ನು ಯಂತ್ರಶಾಸ್ತ್ರದಿಂದ ಗಣಿಸಬಹುದು. ಗಾಲಿಯ ಮೇಲಿನ ಭಾರ ೧೦೦ ಆದರೆ, ೩೩೫ ಮಿಲಿಮೀಟರು ತ್ರಿಜ್ಯದ ೨೬ರ ಗಾಲಿಗೆ ಸುಮಾರು ೧೦೨ ಬಲ ಬೇಕು. ೩೬೭ ಮಿಲಿಮೀಟರು ತ್ರಿಜ್ಯದ ೨೯ರ ಗಾಲಿಗೆ ಸುಮಾರು ೯೪ ಸಾಕು. ಉಳಿತಾಯ ನೂರಕ್ಕೆ ಏಳೆಂಟು ಮಾತ್ರ. ಆದರೆ ಬೆಟ್ಟದ ದಾರಿಯಲ್ಲಿ ಕಲ್ಲು ಒಂದಲ್ಲ, ಸಾವಿರ. ಗೇರು ಇಳಿಸುವ ಅನುಕೂಲವಿಲ್ಲದ ಸವಾರನಿಗೆ ಬಂದ ವೇಗವನ್ನು ಉಳಿಸಿಕೊಳ್ಳುವುದೇ ಮುಖ್ಯ. ಆದುದರಿಂದ ಏಕವೇಗಕ್ಕೂ ದೊಡ್ಡ ಗಾಲಿಗೂ ಸ್ನೇಹವುಂಟು. ಮತ್ತೊಂದು ಲಾಭವೂ ಇದೆ. ಹಿಂದೆ ಒಂದೇ ಹಲ್ಲುಚಕ್ರವಿರುವಾಗ ಎರಡು ಪಕ್ಕದ ಕಡ್ಡಿಗಳನ್ನೂ ಹೆಚ್ಚುಕಡಿಮೆ ಸಮನಾಗಿ ಬಿಗಿಯಬಹುದಾದ್ದರಿಂದ ಗಾಲಿ ಗಟ್ಟಿಯಾಗುತ್ತದೆ.

ದೋಷವೆಂದರೆ, ದೊಡ್ಡ ಗಾಲಿ ಹೆಚ್ಚು ತೂಗುತ್ತದೆ, ನಿಂತಲ್ಲಿಂದ ಹೊರಡಲು ಹೆಚ್ಚು ಶ್ರಮ ಬೇಡುತ್ತದೆ, ಚೌಕಟ್ಟಿನಲ್ಲಿ ಹೆಚ್ಚು ಜಾಗ ಕೇಳುತ್ತದೆ.

ಮೊದಲನೆಯ ಪರೀಕ್ಷೆ: ಸರಪಳಿಯ ಬಿಗಿತ

ಹಲವು ಗೇರುಗಳ ಸೈಕಲ್ಲಿನಲ್ಲಿ ಸರಪಳಿಯ ಸಡಿಲನ್ನು ಹಿಂದಿರುವ ಸ್ಪ್ರಿಂಗಿನ ತೋಳು ಎಳೆದು ಹಿಡಿಯುತ್ತದೆ. ಏಕವೇಗದಲ್ಲಿ ಆ ತೋಳಿಲ್ಲ. ಬಿಗಿತವನ್ನು ಚೌಕಟ್ಟೇ ಒದಗಿಸಬೇಕು. ಇದು ಸಣ್ಣ ವಿಷಯವಲ್ಲ. ೫೦ ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು ಏರಿನಲ್ಲಿ ಎದ್ದುನಿಂತು ೧೭೫ ಮಿಲಿಮೀಟರಿನ ಪೆಡಲ್ ತೋಳಿನ ಮೇಲೆ ಪೂರ್ತಿ ಭಾರ ಹಾಕಿದನೆನ್ನಿ. ೩೨ ಹಲ್ಲಿನ ಚಕ್ರದ ತ್ರಿಜ್ಯ ಸುಮಾರು ೬೫ ಮಿಲಿಮೀಟರು. ಸನ್ನೆಯ ನಿಯಮದಂತೆ ಸರಪಳಿಯ ಮೇಲಿನ ಎಳೆತ ಸುಮಾರು ೧೩೫ ಕಿಲೋಗ್ರಾಂ ಭಾರದಷ್ಟಾಗುತ್ತದೆ. ಆ ಗಳಿಗೆಯಲ್ಲಿ ಸಡಿಲ ಸರಪಳಿ ಹಲ್ಲಿನಿಂದ ಜಾರಿದರೆ ಸವಾರನ ಎದೆ ಹ್ಯಾಂಡಲ್ಲಿಗೆ ಬಡಿಯುವುದು ನಿಶ್ಚಯ.

ಚೌಕಟ್ಟುಗಳಲ್ಲಿ ನಾಲ್ಕು ಬಗೆಯ ಏರ್ಪಾಡುಗಳನ್ನು ಕಾಣುತ್ತೇವೆ.

ಒಂದು, ಹಿಂದಕ್ಕೆ ತೆರೆದ ಅಡ್ಡಸೀಳು. ಮನೆಯ ಕಪ್ಪು ಸೈಕಲ್ಲಿನಲ್ಲಿರುವುದು ಇದೇ. ನಟ್ಟು ಸಡಿಲಿಸಿ ಗಾಲಿಯನ್ನು ಹಿಂದಕ್ಕೆ ಎಳೆದರೆ ಸರಪಳಿ ಬಿಗಿಯಾಗುತ್ತದೆ. ಸರಳ, ಅಗ್ಗ, ಎಲ್ಲರೂ ಬಲ್ಲದ್ದು. ಆದರೆ ಜೋರಾಗಿ ತುಳಿದಾಗ ಸರಪಳಿ ಅಚ್ಚಿನ ಬಲತುದಿಯನ್ನು ಮುಂದಕ್ಕೆ ಎಳೆಯುವುದರಿಂದ, ಅದನ್ನು ತಡೆಯುವ ಹೊಂದಿಕೆ ತಿರುಪು ಇರತಕ್ಕದ್ದು. ಡಿಸ್ಕ್ ಬ್ರೇಕು ಇದ್ದರೆ ಗಾಲಿ ಸರಿಸಿದಾಗಲೆಲ್ಲ ಬ್ರೇಕಿನ ಹಿಡಿಕೆಯನ್ನೂ ಸರಿಹೊಂದಿಸಬೇಕಾಗುವುದು.

ಎರಡು, ಜಾರುವ ತುಂಡು. ಅಚ್ಚೂ ಬ್ರೇಕಿನ ಹಿಡಿಕೆಯೂ ಒಂದೇ ಲೋಹದ ತುಂಡಿನ ಮೇಲೆ ಕುಳಿತು ಒಟ್ಟಿಗೆ ಸರಿಯುತ್ತವೆ. ಡಿಸ್ಕ್ ಬ್ರೇಕಿಗೆ ಇದು ಅನುಕೂಲ. ಬಿಗಿಯಬೇಕಾದ ತಿರುಪುಗಳು ಹೆಚ್ಚು.

ಮೂರು, ಪೆಡಲಿನ ಅಚ್ಚನ್ನೇ ಕೇಂದ್ರ ತಪ್ಪಿದ ಉರುಳೆಯೊಳಗೆ ಕೂರಿಸುವುದು. ಉರುಳೆ ತಿರುಗಿಸಿದರೆ ಪೆಡಲು ಮುಂದೆ ಸರಿದು ಸರಪಳಿ ಬಿಗಿಯುತ್ತದೆ, ಹಿಂಗಾಲಿ ಕದಲುವುದಿಲ್ಲ. ಕೊಳೆ ಸೇರಿದರೆ ಕಿರುಗುಟ್ಟುವುದು ಇದರ ದೋಷ.

ನಾಲ್ಕು, ಕೆಳಕ್ಕೆ ತೆರೆದ ನೆಟ್ಟಗಿನ ಸೀಳು. ಇದು ಹಲವು ಗೇರುಗಳಿಗಾಗಿ ಮಾಡಿದ್ದು. ಅಚ್ಚು ಹಿಂದುಮುಂದು ಸರಿಯದ ಕಾರಣ ಬೇರೆ ಬಿಗಿಯುವ ಸಾಧನ ಬೇಕು. ಅದು ಕಲ್ಲಿಗೆ ತಗಲಿ ಬಾಗಬಹುದು. ಏಕವೇಗಕ್ಕೆಂದೇ ಹೊಸದಾಗಿ ಕೊಳ್ಳುವವರು ಇದನ್ನು ಬಿಡುವುದು ಲೇಸು.

ಸೀಳು ಎಷ್ಟು ಉದ್ದವಿರಬೇಕು? ಸರಪಳಿಯ ಒಂದು ಕೊಂಡಿ ೧೨.೭ ಮಿಲಿಮೀಟರು, ಎಂದರೆ ಅರ್ಧ ಅಂಗುಲ. ಸಾಮಾನ್ಯ ಸರಪಳಿಯನ್ನು ಎರಡೆರಡು ಕೊಂಡಿಗಳಂತೆ, ೨೫.೪ ಮಿಲಿಮೀಟರಿನ ಲೆಕ್ಕದಲ್ಲಿ, ಕಡಿಮೆ ಮಾಡಬೇಕು. ಸರಪಳಿ ಮೇಲೊಮ್ಮೆ ಕೆಳಗೊಮ್ಮೆ ಹಾಯುವುದರಿಂದ ಅಚ್ಚು ಸರಿಯುವುದು ಅದರ ಅರ್ಧ, ೧೨.೭. ಇನ್ನು ೯೬ ಕೊಂಡಿಗಳ ಸರಪಳಿ ಸವೆದು ನೂರಕ್ಕೆ ಅರ್ಧ ಪಾಲು ಉದ್ದವಾದರೆ ಮತ್ತೆ ೩ ಮಿಲಿಮೀಟರು ಬೇಕು. ಒಟ್ಟು ೧೬ ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ ಅಚ್ಚು ಸರಿಯುವಂತಿದ್ದರೆ ಹಲ್ಲುಗಳ ಯಾವ ಜೋಡಿಗೂ ಅದು ಹೊಂದುತ್ತದೆ. ಹಿಂದಿನ ಚಕ್ರಕ್ಕೆ ಒಂದು ಹಲ್ಲು ಹೆಚ್ಚಿಸಿದರೆ ಅಚ್ಚು ಮುಂದೆ ಬರುವುದು ಸುಮಾರು ೩ ಮಿಲಿಮೀಟರು.

ಎರಡನೆಯ ಪರೀಕ್ಷೆ: ಗಾಲಿಗೆ ತಾವು

ಟೈರಿನ ಎರಡು ಪಕ್ಕದಲ್ಲೂ ಚೌಕಟ್ಟಿನ ಕೊಳವೆಗೆ ಕನಿಷ್ಠ ೬ ಮಿಲಿಮೀಟರು ಅಂತರವಿರಬೇಕು. ಕೆಸರು ಮೆತ್ತಿಕೊಂಡಾಗ, ಗಾಲಿ ತುಸು ಓರೆಯಾದಾಗ, ಅಷ್ಟು ತೆರವಿಲ್ಲದಿದ್ದರೆ ಟೈರು ಕೊಳವೆಯನ್ನು ಉಜ್ಜಿ ತಿನ್ನುತ್ತದೆ. ಈ ಅಳತೆಯನ್ನು ಅಚ್ಚು ಸೀಳಿನ ಮುಂತುದಿಯಲ್ಲಿರುವಾಗಲೂ ಹಿಂತುದಿಯಲ್ಲಿರುವಾಗಲೂ ತೆಗೆಯತಕ್ಕದ್ದು. ಅಂಗಡಿಯಲ್ಲಿ ಹಿಂತುದಿಯಲ್ಲಿಟ್ಟು ತೋರಿಸಿದ ಗಾಲಿ, ಮುಂತುದಿಗೆ ಬಂದಾಗ ತಾಗಬಹುದು.

೨೬ರ ಚೌಕಟ್ಟಿಗೆ ೨೯ರ ಗಾಲಿಯನ್ನು ತುರುಕುವ ಆಸೆಯನ್ನು ಬಿಡಬೇಕು. ತಾವು ಸಿಕ್ಕಿದರೂ ಪೆಡಲು ನೆಲದಿಂದ ತೀರ ಮೇಲೇರಿ ಸವಾರನ ತೂಕ ಎತ್ತರದಲ್ಲಿ ನಿಲ್ಲುತ್ತದೆ. ೨೯ಕ್ಕೆಂದೇ ಮಾಡಿದ ಚೌಕಟ್ಟಿನಲ್ಲಿ ಪೆಡಲಿನ ಅಚ್ಚು ಗಾಲಿಯ ಅಚ್ಚುಗಳಿಗಿಂತ ಸಾಕಷ್ಟು ಕೆಳಗಿದ್ದು, ಸವಾರನು ಗಾಲಿಗಳ ನಡುವೆ ಕುಳಿತಂತೆ ಸ್ಥಿರವಾಗಿರುತ್ತಾನೆ.

ಮೂರನೆಯ ಪರೀಕ್ಷೆ: ಸವಾರನ ಮೈಯಳತೆ

ತಂದೆತಾಯಿಗಳಲ್ಲಿ ನಾವು ವಿಶೇಷವಾಗಿ ಅರಿಕೆ ಮಾಡಿಕೊಳ್ಳುವುದು ಇಲ್ಲಿಯೇ. ಅಂಗಿಯನ್ನು ಒಂದು ಅಳತೆ ದೊಡ್ಡದಾಗಿ ಹೊಲಿಸುವಂತೆ, ಬೆಳೆಯುವ ಮಗುವಿಗೆ ಚೌಕಟ್ಟನ್ನೂ ದೊಡ್ಡದಾಗಿ ಕೊಳ್ಳುವ ವಾಡಿಕೆಯುಂಟು. ಅಂಗಿ ದೊಡ್ಡದಾದರೆ ತೋಳು ಮಡಿಸಬಹುದು, ಚೌಕಟ್ಟನ್ನು ಮಡಿಸಲಾಗದು. ಮಗುವು ಮೇಲಿನ ಕೊಳವೆಯ ಎರಡು ಪಕ್ಕಕ್ಕೂ ಕಾಲಿಟ್ಟು, ಎರಡು ಪಾದಗಳನ್ನೂ ಪೂರ್ತಿ ನೆಲಕ್ಕೂರಿ ನಿಂತಾಗ, ಕೊಳವೆಗೂ ಮೈಗೂ ನಡುವೆ ಕನಿಷ್ಠ ೫ ಸೆಂಟಿಮೀಟರು ತೆರವಿರಬೇಕು. ಪೆಡಲು ಮುಂದಿರುವಾಗ ಹ್ಯಾಂಡಲ್ಲನ್ನು ತಿರುಗಿಸಿ ನೋಡಬೇಕು. ಕಾಲ್ಬೆರಳು ಮುಂಗಾಲಿಗೆ ತಗಲಿದರೆ ಆ ಚೌಕಟ್ಟು ಸಲ್ಲದು. ಗಾಲಿ ದೊಡ್ಡದು, ಚೌಕಟ್ಟು ಸಣ್ಣದು ಆದಾಗ ಈ ತೊಡಕು ಹೆಚ್ಚು. ಗಿಡ್ಡನೆಯ ವಿದ್ಯಾರ್ಥಿಗೆ ೫೮೪ ಮಿಲಿಮೀಟರು ರಿಮ್ಮಿನ ೨೭½ರ ಗಾಲಿಯೋ ೨೬ರ ಗಾಲಿಯೋ ಹೆಚ್ಚು ಹಿತ. ಅದರಲ್ಲಿ ಕೀಳರಿಮೆ ಪಡುವಂಥದೇನೂ ಇಲ್ಲ.

ಲೋಹ ಮತ್ತು ಹಳೆಯ ಚೌಕಟ್ಟು

ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲಿನಷ್ಟೇ ತೂಗುತ್ತದೆ. ಆದರೆ ಅದರ ಬಿರುಸೂ ಸುಮಾರು ಮೂರನೆಯ ಒಂದು ಪಾಲೇ. ಆದುದರಿಂದ ಅದರ ಕೊಳವೆಗಳನ್ನು ದಪ್ಪವಾಗಿ ಮಾಡುತ್ತಾರೆ. ಉಕ್ಕಿನ ಚೌಕಟ್ಟು ಭಾರವಾದರೂ, ಮುರಿದಾಗ ನುರಿತ ಕೆಲಸಗಾರನು ಬೆಸೆಯಬಲ್ಲನು. ಸೈಕಲ್ಲಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಗಳನ್ನು ಬೆಸೆದ ಮೇಲೆ ಸಾಮಾನ್ಯವಾಗಿ ಕುಲುಮೆಯಲ್ಲಿ ಮತ್ತೆ ಹದಗೊಳಿಸಬೇಕು. ಪಟ್ಟಣದಿಂದ ದೂರವಿರುವವರಿಗೆ ಉಕ್ಕೇ ಮೇಲೆಂದು ನಮ್ಮ ಅಭಿಪ್ರಾಯ.

ಹಳೆಯ ಚೌಕಟ್ಟನ್ನು ಕೊಳ್ಳುವುದಾದರೆ ಹ್ಯಾಂಡಲ್ಲಿನ ಕೊಳವೆಯ ಕೆಳಗಿನ ಬೆಸುಗೆ ಮತ್ತು ಹಿಂದಿನ ಸೀಳಿನ ಬುಡದಲ್ಲಿ ಬಿರುಕನ್ನು ಹುಡುಕಬೇಕು. ಅನಂತರ ದಾರವನ್ನು ಹಿಂದಿನ ಒಂದು ಸೀಳಿಗೆ ಕಟ್ಟಿ, ಮುಂದಿನ ಹ್ಯಾಂಡಲ್ ಕೊಳವೆಯನ್ನು ಬಳಸಿ ತಂದು, ಇನ್ನೊಂದು ಸೀಳಿಗೆ ಬಿಗಿಯಾಗಿ ಕಟ್ಟಿರಿ. ಆಸನದ ಕೊಳವೆಗೂ ದಾರಕ್ಕೂ ಇರುವ ಅಂತರ ಎರಡು ಪಕ್ಕದಲ್ಲೂ ಸಮನಾಗಿದ್ದರೆ ಚೌಕಟ್ಟು ನೇರವಾಗಿದೆ, ಇಲ್ಲವಾದರೆ ಬಾಗಿದೆ.

ಹಲ್ಲುಗಳ ಲೆಕ್ಕ

ರೋವರಿಗೆ ಮುಂಚಿನ ಎತ್ತರಗಾಲಿಯ ಸೈಕಲ್ಲಿನಲ್ಲಿ ಪೆಡಲು ಮುಂಗಾಲಿಗೇ ಇತ್ತು. ಗಾಲಿ ಎಷ್ಟು ದೊಡ್ಡದೋ ಒಂದು ಸುತ್ತಿಗೆ ಅಷ್ಟು ದೂರ. ಇಂದಿಗೂ ಗೇರನ್ನು ಆ ಊಹೆಯ ಗಾಲಿಯ ಅಂಗುಲಗಳಲ್ಲಿ ಹೇಳುವುದುಂಟು: ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ ಗಾಲಿಯ ವ್ಯಾಸದಿಂದ ಗುಣಿಸುವುದು. ೨೬ರ ಗಾಲಿಗೆ ೩೨ ಮತ್ತು ೧೬ ಹಲ್ಲುಗಳಾದರೆ ೫೨ ಅಂಗುಲ. ಅದೇ ಹಲ್ಲುಗಳು ೨೯ರ ಗಾಲಿಯಲ್ಲಿ ೫೮ ಆಗಿ ಏರು ಕಠಿಣವಾಗುತ್ತದೆ. ಹಿಂದಿನದನ್ನು ೧೮ ಮಾಡಿದರೆ ೫೧.೬ಕ್ಕೆ ಇಳಿದು, ಪೆಡಲಿನ ಒಂದು ಸುತ್ತಿಗೆ ಸುಮಾರು ೪.೧ ಮೀಟರು ಸಾಗುತ್ತದೆ. ೪೪ ಮತ್ತು ೧೮ ಹಲ್ಲುಗಳುಳ್ಳ ೨೮ರ ಸಾಧಾರಣ ಸೈಕಲ್ಲಿನದು ೬೮ ಅಂಗುಲ. ಸಮನೆಲಕ್ಕೆ ಅದು ಸೊಗಸು, ಬೆಟ್ಟಕ್ಕೆ ಭಾರ.

ಉಪಸಂಹಾರ

ಚೌಕಟ್ಟು ಯಾವುದೇ ಇರಲಿ, ಎರಡು ಗಾಲಿಗಳಿಗೂ ಬ್ರೇಕು ಕೂರಿಸುವ ತಾಣವಿರಬೇಕು. ತಲೆಗೆ ಹೆಲ್ಮೆಟ್ಟಿಲ್ಲದೆ ಇಳಿಜಾರಿಗೆ ಹೋಗಬಾರದು. ಅಳೆದು ಕೊಂಡ ಸಾಧಾರಣ ಚೌಕಟ್ಟು, ಅಳೆಯದೆ ಕೊಂಡ ದುಬಾರಿ ಚೌಕಟ್ಟಿಗಿಂತ ಮೇಲು. ಶಾಲೆಯಲ್ಲಿ ಕಲಿತ ವೃತ್ತ, ಸನ್ನೆ, ಪ್ರಮಾಣಗಳ ಗಣಿತ ಅಂಗಡಿಯ ಬಾಗಿಲಲ್ಲಿ ಉಪಯೋಗಕ್ಕೆ ಬಂದರೆ ಕಲಿತದ್ದು ಸಾರ್ಥಕ.

ಅಭ್ಯಾಸ

೧. ಮನೆಯ ಸೈಕಲ್ಲಿನ ಹಲ್ಲುಗಳನ್ನು ಎಣಿಸಿ ಅದರ ಗೇರು ಎಷ್ಟು ಅಂಗುಲವೆಂದು ಗಣಿಸಿರಿ.
೨. ಸರಪಳಿಯ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿರಿ. ಅದು ಸುಮಾರು ಅರ್ಧ ಅಂಗುಲ ಆಡುತ್ತದೆಯೋ? ಪೆಡಲನ್ನು ನಿಧಾನವಾಗಿ ತಿರುಗಿಸುತ್ತ ನಾಲ್ಕು ಕಡೆ ಪರೀಕ್ಷಿಸಿರಿ.
೩. ಹಿಂದಿನ ಸೀಳಿನಲ್ಲಿ ಅಚ್ಚು ಇನ್ನೆಷ್ಟು ಮಿಲಿಮೀಟರು ಸರಿಯಬಲ್ಲದು?
೪. ದಾರದ ಪರೀಕ್ಷೆಯನ್ನು ಮಾಡಿ, ಎರಡು ಪಕ್ಕದ ಅಂತರವನ್ನು ಬರೆದಿಡಿರಿ.