ನ್ಯೂಯಾರ್ಕಿನಲ್ಲಿ ಮೊದಲ ದಿನ: ಗಡಿಯಾರ ಎರಡು, ದೇಹ ಒಂದೇ

ಮಗಳು ನ್ಯೂಯಾರ್ಕಿನಲ್ಲಿದ್ದಾಳೆ. ವೀಸಾ ಸಿಕ್ಕಿದೆ, ಟಿಕೆಟ್ ಆಗಿದೆ, ಚಟ್ನಿಪುಡಿ, ಸಾರಿನ ಪುಡಿ, ಹುರಿಗಾಳು ಎಲ್ಲವೂ ಸೂಟ್‌ಕೇಸ್ ಸೇರಿವೆ. ಹೊರಡುವ ಮುನ್ನ ಬಿ.ಪಿ. ತೋರಿಸಿಕೊಂಡು ಹೋಗಲು ಬರುವ ಹಿರಿಯರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಡಾಕ್ಟ್ರೇ, ಅಲ್ಲಿಯ ಚಳಿ ತಡೆಯಲಿಕ್ಕಾಗುತ್ತಾ?" ಚಳಿಗೆ ಸ್ವೆಟರ್ ಇದೆ. ನನಗೆ ಚಿಂತೆ ಇರುವುದು ಅವರು ಆ ಊರಿನಲ್ಲಿ ಕಾಲಿಟ್ಟು ತಿರುಗಾಡಲು ಹೊರಡುವ ಮೊದಲ ದಿನದ ಬಗ್ಗೆ.

ನನ್ನ ಬಳಿ ಬರುವ ಒಬ್ಬ ನಿವೃತ್ತ ಮೇಷ್ಟ್ರ ಕಥೆ ಕೇಳಿ. ಅವರಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಬಾರಿ ಇನ್ಸುಲಿನ್, ಬೆಳಗಿನ ತಿಂಡಿಗೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಇನ್ನೊಂದು. ವಿಮಾನ ಇಳಿಯುವ ಎರಡು ಗಂಟೆ ಮೊದಲು ತಿಂಡಿ ಬಂತು, ಚುಚ್ಚಿಕೊಂಡರು. ಇಳಿದು, ಸಾಲಿನಲ್ಲಿ ನಿಂತು, ಮಗಳ ಮನೆ ಸೇರುವಾಗ ಅಲ್ಲಿನ ಗಡಿಯಾರದಲ್ಲಿ ಬೆಳಿಗ್ಗೆ ಹತ್ತೂವರೆ. "ಬೆಳಗಿನದು ಬಾಕಿ ಇದೆ" ಎಂದುಕೊಂಡು ಮತ್ತೊಮ್ಮೆ ಚುಚ್ಚಿಕೊಂಡು, ಎರಡು ಇಡ್ಲಿ ತಿಂದು, ಅಳಿಯ ರಜೆ ಹಾಕಿದ್ದಾನಲ್ಲ ಎಂಬ ಸಂಕೋಚಕ್ಕೆ ಮಧ್ಯಾಹ್ನವೇ ಟೈಮ್ಸ್ ಸ್ಕ್ವೇರ್ ನೋಡಲು ಹೊರಟುಬಿಟ್ಟರು. ಎರಡೂವರೆಯ ಸುಮಾರಿಗೆ ಸುರಂಗ ರೈಲಿನ ಮೆಟ್ಟಿಲ ಮೇಲೆ ಮೈಯೆಲ್ಲಾ ಬೆವೆತು, ಮಾತು ತೊದಲತೊಡಗಿತು. ಪ್ರಯಾಣದ ಆಯಾಸ ಎಂದು ಮಗಳು ಮೊದಲು ಅಂದುಕೊಂಡಳು. ಅಳಿಯ ಓಡಿ ತಂದ ಕೋಲಾ ಬಾಟಲಿ ಸಕ್ಕರೆ ಇಲ್ಲದ 'ಡಯಟ್' ಜಾತಿಯದು! ಕುಡಿದರೂ ಏನೂ ಪ್ರಯೋಜನವಾಗಲಿಲ್ಲ. ಆಂಬುಲೆನ್ಸಿನವರು ಬಂದು ನೋಡಿದಾಗ ಸಕ್ಕರೆ 48. ಸಕಾಲದಲ್ಲಿ ಗ್ಲೂಕೋಸ್ ಸಿಕ್ಕಿದ್ದರಿಂದ ಮೇಷ್ಟ್ರು ಈ ಕಥೆಯನ್ನು ನನ್ನೆದುರು ಕುಳಿತು ತಾವೇ ನಗುತ್ತಾ ಹೇಳುವಂತಾಯಿತು.

ಅವರ ತಪ್ಪು ಎಲ್ಲಿದೆ? ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದಿದೆ. ಮಾರ್ಚ್ ಎರಡನೇ ಭಾನುವಾರ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿ, ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ಹೀಗಾಗಿ ಬೇಸಿಗೆಯಲ್ಲಿ ಪಶ್ಚಿಮಕ್ಕೆ ಹೊರಟವರ ಆ ಒಂದು ದಿನಕ್ಕೆ 24 ಗಂಟೆಯಲ್ಲ, ಮೂವತ್ತಮೂರೂವರೆ ಗಂಟೆ. ಇಷ್ಟುದ್ದದ ದಿನದಲ್ಲಿ 'ಬೆಳಗಿನ ಡೋಸ್', 'ರಾತ್ರಿಯ ಡೋಸ್' ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ. ಹಿಂದಿನ ಡೋಸ್ ಆಗಿ ಎಷ್ಟು ಗಂಟೆಯಾಯಿತು ಎಂಬುದು ಮಾತ್ರ ಲೆಕ್ಕ. ಆದ್ದರಿಂದ ಕೈಗಡಿಯಾರವನ್ನು ವಿಮಾನದಲ್ಲಿ ತಿರುಗಿಸಲು ಹೋಗಬೇಡಿ, ಮಗಳ ಮನೆ ಸೇರುವವರೆಗೂ ನಮ್ಮ ಊರಿನ ಸಮಯವೇ ಇರಲಿ. ಒಂದು ಚೀಟಿಯಲ್ಲಿ ಔಷಧಿಯ ಹೆಸರು, ಪ್ರಮಾಣ, ತೆಗೆದುಕೊಂಡ ಹೊತ್ತು ಬರೆದಿಡಿ. ಇನ್ಸುಲಿನ್ ಪ್ರಮಾಣವನ್ನು ಯಾರಿಗೆ ಎಷ್ಟು ಬದಲಿಸಬೇಕೆಂದು ಪತ್ರಿಕೆಯ ಅಂಕಣ ಹೇಳಲಾಗದು. ಹೊರಡುವ ಎರಡು ವಾರ ಮೊದಲೇ ವಿಮಾನದ ವೇಳಾಪಟ್ಟಿ ಹಿಡಿದುಕೊಂಡು ನಿಮ್ಮ ವೈದ್ಯರನ್ನು ಕಾಣಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆ ನುಂಗುವವರಿಗೂ ಇದು ಅನ್ವಯಿಸುತ್ತದೆ. ದಿನಕ್ಕೊಂದು ಥೈರಾಯಿಡ್ ಮಾತ್ರೆ ನುಂಗುವವರಿಗೆ ಇಷ್ಟು ಆತಂಕ ಬೇಡ, ಕೆಲವು ಗಂಟೆ ತಡವಾದರೆ ಅಪಾಯವಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ, ಆದರೆ ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಅಮೆರಿಕದ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 100 ಯೂನಿಟ್‌ನದು, ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣ. ಇಲ್ಲಿಂದ ಒಯ್ದ ಸಿರಿಂಜು ಮುಗಿಯಿತೆಂದು ಅಲ್ಲಿಯ ಸಿರಿಂಜಿನಲ್ಲಿ ನಮ್ಮ ಇನ್ಸುಲಿನ್ನನ್ನು 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು ಕೇವಲ 8 ಯೂನಿಟ್. ಅದರ ತಿರುಗುಮುರುಗು ಇನ್ನೂ ಭೀಕರ: ಅಲ್ಲಿಯ ಇನ್ಸುಲಿನ್ನನ್ನು ನಮ್ಮ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರವರೆಗೆ ಎಳೆದರೆ 50 ಯೂನಿಟ್! ಪ್ರಾಣಕ್ಕೇ ಸಂಚಕಾರ. ಇರುವಷ್ಟು ದಿನಕ್ಕೆ ಬೇಕಾದ ಇನ್ಸುಲಿನ್ನನ್ನೂ ಸಿರಿಂಜನ್ನೂ ವೈದ್ಯರ ಚೀಟಿಯೊಂದಿಗೆ ಇಲ್ಲಿಂದಲೇ ಒಯ್ಯಿರಿ. ಕೈಚೀಲದಲ್ಲೇ ಇರಲಿ, ಸರಕಿನ ಜೊತೆ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು.

ಇನ್ನು ಹೊರಗೆ ಹೊರಡೋಣ. ಹೊರಡುವ ಮೊದಲು ನಿಮ್ಮ ಕಾಲುಗಳನ್ನೊಮ್ಮೆ ನೋಡಿಕೊಳ್ಳಿ. ಬೆಂಗಳೂರಿನಿಂದ ದಾರಿಯಲ್ಲಿ ವಿಮಾನ ಬದಲಿಸಿ ಹೋದರೆ ಮನೆಯಿಂದ ಮನೆಗೆ ಸುಮಾರು ಒಂದು ದಿನವೇ ಹಿಡಿಯುತ್ತದೆ, ಅದರಲ್ಲಿ ಹೆಚ್ಚಿನ ಹೊತ್ತು ಕಾಲು ಮಡಚಿ ಕುಳಿತಿರುತ್ತೀರಿ. ಎರಡೂ ಪಾದ ಸ್ವಲ್ಪ ಊದಿಕೊಂಡಿದ್ದರೆ ಅದು ಸಹಜ, ಮಲಗಿದರೆ ಇಳಿಯುತ್ತದೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋವಾಗುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ, ಅಂದೇ ವೈದ್ಯರಿಗೆ ತೋರಿಸಿ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನಾಲ್ಕು ಗಂಟೆಗೂ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆದರೂ ಅದು ಆರು ಸಾವಿರದಲ್ಲಿ ಒಬ್ಬರಿಗೆ ಬರುವಂಥದ್ದು, ಗಾಬರಿಪಡಬೇಕಿಲ್ಲ. ಹಠಾತ್ ಉಸಿರುಗಟ್ಟಿ ಎದೆ ನೋವು ಬಂದರೆ ಮಾತ್ರ ತಡಮಾಡದೆ 911ಕ್ಕೆ ಫೋನ್ ಮಾಡಬೇಕು.

ನ್ಯೂಯಾರ್ಕ್ ನಡೆಯುವವರ ಊರು. ಮ್ಯಾನ್‌ಹಟನ್ನಿನಲ್ಲಿ ಸಂಖ್ಯೆಯ ಬೀದಿಗಳನ್ನು ಉತ್ತರ ದಕ್ಷಿಣವಾಗಿ ಇಪ್ಪತ್ತು ದಾಟಿದರೆ ಒಂದು ಮೈಲಿ. ಮಗ "ಇಲ್ಲೇ ಇದೆ ಅಪ್ಪ, ಹದಿನೈದು ಬ್ಲಾಕ್" ಎಂದರೆ ಅದು ಒಂದು ಕಿಲೋಮೀಟರಿಗೂ ಮೇಲೆ ಎಂದು ತಿಳಿಯಿರಿ. ಸುರಂಗ ರೈಲಿನ ಅರ್ಧಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ, ಮಂಡಿ ನೋವಿನವರು ಲಿಫ್ಟ್ ಇರುವ ನಿಲ್ದಾಣ ಯಾವುದೆಂದು ಮೊದಲೇ ನೋಡಿಸಿಕೊಳ್ಳಬೇಕು. ಸ್ವಾತಂತ್ರ್ಯ ದೇವಿಯ ಕಿರೀಟಕ್ಕೆ ಪೀಠದ ಮೇಲಿನಿಂದ 162 ಮೆಟ್ಟಿಲು, ಅದಕ್ಕೂ ಲಿಫ್ಟ್ ಇಲ್ಲ. ಮೊದಲ ದಿನ ಅದು ಬೇಡವೇ ಬೇಡ. ಮೇಷ್ಟ್ರಂತೆ ಸಂಕೋಚ ಪಡದೆ "ನಾಳೆ ನೋಡೋಣ" ಎನ್ನಲು ಕಲಿಯಿರಿ. ಸೆಂಟ್ರಲ್ ಪಾರ್ಕಿನ ಬೆಂಚಿನಲ್ಲಿ ಕುಳಿತು ಊರು ನೋಡುವುದೂ ಊರು ನೋಡುವುದೇ.

ರಸ್ತೆ ದಾಟುವಾಗ ನಮ್ಮ ಅರವತ್ತು ವರ್ಷದ ಅಭ್ಯಾಸ ನಮಗೇ ಶತ್ರು. ನಾವು ಮೊದಲು ಬಲಕ್ಕೆ ನೋಡಿ ಹೆಜ್ಜೆ ಇಡುತ್ತೇವೆ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ಮೊದಲು ನುಗ್ಗಿ ಬರುವುದು ಎಡಗಡೆಯಿಂದ. ದಾಟಲು ದೀಪ ಬಂದಾಗಲೂ ಪಕ್ಕದಿಂದ ತಿರುಗುವ ಕಾರುಗಳು ಬರುತ್ತವೆ. ಸೈಕಲ್ ದಾರಿಯಲ್ಲಿ ವಿದ್ಯುತ್ ಸೈಕಲ್ಲುಗಳು ಸದ್ದಿಲ್ಲದೆ ಹಾರಿಬರುತ್ತವೆ. ನಿದ್ದೆಗೆಟ್ಟ ಮೊದಲ ದಿನ ಒಬ್ಬರೇ ದಾಟಬೇಡಿ, ಮೊಮ್ಮಗಳ ಕೈ ಹಿಡಿದುಕೊಳ್ಳಿ.

ನೀರಿನ ಬಗ್ಗೆ ಹೆದರಬೇಕಿಲ್ಲ. ನಲ್ಲಿಯ ನೀರನ್ನು ಕುದಿಸದೆಯೇ ಕುಡಿಯಬಹುದು, ಅದರಲ್ಲಿ ಬಹುಪಾಲು ಉತ್ತರದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯ ಜಲಾಶಯಗಳಿಂದ ಬರುತ್ತದೆ. ತೊಂದರೆ ಬೇರೆ: ಸಾರ್ವಜನಿಕ ಶೌಚಾಲಯ ಸಿಗುವುದು ಕಷ್ಟವೆಂದು ನಮ್ಮ ಹೆಂಗಸರು ನೀರನ್ನೇ ಕುಡಿಯದೆ ಇದ್ದುಬಿಡುತ್ತಾರೆ. ವಿಮಾನದ ಒಣಗಾಳಿಯಲ್ಲಿ ಮೊದಲೇ ಬತ್ತಿದ ದೇಹಕ್ಕೆ ಇದು ಸೇರಿದರೆ ತಲೆಸುತ್ತು, ಉರಿಮೂತ್ರ. ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ, ಸಾರ್ವಜನಿಕ ಗ್ರಂಥಾಲಯಗಳಲ್ಲಿ ಶೌಚಾಲಯವಿದೆ, ದಾರಿಯನ್ನು ಅದಕ್ಕೆ ತಕ್ಕಂತೆ ಹಾಕಿಕೊಳ್ಳಿ. ಊಟಕ್ಕೆ ಕ್ವೀನ್ಸ್ ಕಡೆ ಹೋದರೆ ಫ್ಲಶಿಂಗ್‌ನ ಗಣಪತಿ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ. ಮಧುಮೇಹಿಗಳ ಜೇಬಿನಲ್ಲಿ ಮಾತ್ರ ಸದಾ ಸಕ್ಕರೆಯ ಪೊಟ್ಟಣವಿರಬೇಕು. ಬೆವರು, ನಡುಕ, ತಡೆಯಲಾರದ ಹಸಿವು, ತೊದಲು ಕಂಡಕೂಡಲೇ ಎಚ್ಚರವಿದ್ದವರಿಗೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 911ಕ್ಕೆ ಕರೆ ಮಾಡಿ.

ತಲೆನೋವಿಗೆ ಮಾತ್ರೆ ಕೊಳ್ಳುವಾಗ ಒಂದು ಮಾತು. ಪ್ಯಾರಾಸಿಟಮಾಲ್‌ಗೆ ಅಲ್ಲಿಯ ಹೆಸರು ಅಸಿಟಮಿನೋಫೆನ್. ನೆಗಡಿಯ ಮಾತ್ರೆಗಳಲ್ಲೂ ಅದು ಬೆರೆತಿರುತ್ತದೆ. ಇಲ್ಲಿಂದ ಒಯ್ದದ್ದನ್ನೂ ಅಲ್ಲಿ ಕೊಂಡದ್ದನ್ನೂ ಒಟ್ಟಿಗೆ ನುಂಗಿದರೆ ಯಕೃತ್ತಿಗೆ ಪೆಟ್ಟು.

ಸಂಜೆ ನಾಲ್ಕರಿಂದ ಆರರ ನಡುವೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಏಕೆಂದರೆ ಬೇಸಿಗೆಯ ಲೆಕ್ಕದಲ್ಲಿ ಆಗ ಬೆಂಗಳೂರಿನಲ್ಲಿ ರಾತ್ರಿ ಒಂದೂವರೆಯಿಂದ ಮೂರೂವರೆ. ಈ ಹೊತ್ತಿನಲ್ಲಿ ಹಾಸಿಗೆಗೆ ಬಿದ್ದರೆ ನಡುರಾತ್ರಿ ಎದ್ದು ಕೂರುತ್ತೀರಿ. ಮಧ್ಯಾಹ್ನ ಅರ್ಧ ಗಂಟೆ ಒರಗಿ, ಆಮೇಲೆ ಬಿಸಿಲಿಗೆ ಬಂದು ಕುಳಿತುಕೊಳ್ಳಿ. ದೇಹದ ಗಡಿಯಾರವನ್ನು ಹಿಂದಕ್ಕೆ ತಳ್ಳಲು ಹೊರಗಿನ ಬೆಳಕಿನಷ್ಟು ಒಳ್ಳೆಯ ಔಷಧಿ ಇಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಎಂಟೂವರೆಯವರೆಗೆ ಸೂರ್ಯನಿರುತ್ತಾನೆ, ಡಿಸೆಂಬರಿನಲ್ಲಿ ನಾಲ್ಕೂವರೆಗೇ ಮುಳುಗುತ್ತಾನೆ. ದೇಹ ದಿನಕ್ಕೆ ಒಂದು, ಒಂದೂವರೆ ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುವುದರಿಂದ ಪೂರ್ತಿ ಸರಿಹೋಗಲು ಒಂದು ವಾರವಾದರೂ ಬೇಕು. ನೆರೆಯವರು ಕೊಟ್ಟ ನಿದ್ದೆ ಮಾತ್ರೆ ನುಂಗಬೇಡಿ. ಅಪರಿಚಿತ ಮನೆಯಲ್ಲಿ ಕತ್ತಲಲ್ಲಿ ಬಚ್ಚಲು ಹುಡುಕುತ್ತಾ ಬಿದ್ದು ಸೊಂಟ ಮುರಿದುಕೊಳ್ಳುವುದು ಹೀಗೆಯೇ.

ಇಷ್ಟಾದರೂ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಹೊಟ್ಟೆ ಚುರುಗುಟ್ಟುತ್ತದೆ. ಊರಿನಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಅನ್ನ ಸಾರಿನ ಹೊತ್ತು. ಬಾಳೆಹಣ್ಣು ಅಥವಾ ಎರಡು ಬಿಸ್ಕತ್ತು ಸಾಕು, ದೊಡ್ಡ ದೀಪ ಹಚ್ಚಬೇಡಿ. ಮಧುಮೇಹಿಗಳು ಸಕ್ಕರೆ ಪರೀಕ್ಷಿಸಿ ಚೀಟಿಯಲ್ಲಿ ಬರೆದುಕೊಂಡು ಮತ್ತೆ ಮಲಗಿ. ನಿದ್ದೆ ಬಾರದಿದ್ದರೆ ಊರಿಗೊಂದು ಫೋನ್ ಮಾಡಬಹುದು, ಅಲ್ಲಿ ಎಲ್ಲರೂ ಎದ್ದಿರುತ್ತಾರೆ.