ಪಿಗ್ಮಿ ಠೇವಣಿಯ ಪಾಠ: ಸದಭ್ಯಾಸಗಳಿಗೊಂದು ಆ್ಯಪ್ ಹೇಗಿರಬೇಕು?

ವಿದ್ಯುತ್ತನ್ನೂ ನೀರನ್ನೂ ಮಿತವಾಗಿ ಬಳಸಬೇಕು, ಹಸಿಕಸ ಒಣಕಸಗಳನ್ನು ಬೇರ್ಪಡಿಸಬೇಕು ಎಂಬುದನ್ನು ಅರಿಯದವರು ನಮ್ಮಲ್ಲಿ ವಿರಳ. ಕೊರತೆಯಿರುವುದು ಅರಿವಿನಲ್ಲಲ್ಲ, ಆಚರಣೆಯಲ್ಲಿ. ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ‘ಮಿಷನ್ ಲೈಫ್’ ಆಂದೋಲನವನ್ನು ಆರಂಭಿಸಿ, ಪ್ರತಿಯೊಬ್ಬ ವ್ಯಕ್ತಿಯೂ ಕೈಗೊಳ್ಳಬಹುದಾದ 75 ಕ್ರಮಗಳನ್ನು ಸೂಚಿಸಿತು. 2023ರ ಮೇ ತಿಂಗಳಲ್ಲಿ ‘ಮೇರಿ ಲೈಫ್’ ಎಂಬ ಆ್ಯಪ್ ಕೂಡ ಬಿಡುಗಡೆಯಾಯಿತು. ದಕ್ಷಿಣೇಶ್ವರದ ಸುತ್ತಮುತ್ತ ನೆಲೆಸಿರುವ ನಮ್ಮ ಕುಟುಂಬಗಳಿಗೆಂದೇ ಸಂಘದ ತರುಣರು ಇಂಥದೊಂದು ಚಿಕ್ಕ ಆ್ಯಪ್ ರಚಿಸುವುದಾದರೆ ಅದರ ಸ್ವರೂಪ ಹೇಗಿರಬೇಕು? ಉತ್ತರವನ್ನರಸಿ ಬಹುದೂರ ಹೋಗಬೇಕಾಗಿಲ್ಲ. ಉಡುಪಿಯವರೆಗೆ ಹೋದರೆ ಸಾಕು.

ಕೈಮಗ್ಗದ ನೇಕಾರರ ನೆರವಿಗೆಂದು 1925ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಸ್ಥಾಪಕರಲ್ಲೊಬ್ಬರಾದ ಡಾ. ಟಿ. ಎಂ. ಎ. ಪೈ ಅವರು ವೃತ್ತಿಯಿಂದ ವೈದ್ಯರು. 1928ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಏಜೆಂಟರು ಮನೆಬಾಗಿಲಿಗೆ ಬಂದು ಪಡೆದು ಬರೆದುಕೊಳ್ಳುತ್ತಿದ್ದರು. ಉಳಿತಾಯದ ಉಪದೇಶದಿಂದ ಆಗದ ಕಾರ್ಯವನ್ನು ಈ ಏರ್ಪಾಡು ಸಾಧಿಸಿತು. ಸದಭ್ಯಾಸಗಳ ಆ್ಯಪ್‌ಗೂ ಇದೇ ಸೂತ್ರಗಳು ಅನ್ವಯಿಸುತ್ತವೆ.

1. ಮೊತ್ತ ಚಿಕ್ಕದಿರಲಿ. ಎಪ್ಪತ್ತೈದು ಕ್ರಮಗಳನ್ನು ಒಮ್ಮೆಲೇ ಮುಂದಿಟ್ಟರೆ ಒಂದೂ ನಡೆಯದು. ಮನೆಮಂದಿಯೇ ಆರಿಸಿಕೊಂಡ ಮೂರು ಅಭ್ಯಾಸಗಳು ಸಾಕು: ಪೇಟೆಗೆ ಬಟ್ಟೆಯ ಚೀಲ, ಬರಿದಾದ ಕೋಣೆಯಲ್ಲಿ ಫ್ಯಾನು ಆರಿಸುವುದು, ಮೆಟ್ರೋ ನಿಲ್ದಾಣದವರೆಗೆ ಕಾಲ್ನಡಿಗೆ.

2. ಹೊತ್ತು ನಿಶ್ಚಿತವಾಗಿರಲಿ. ಏಜೆಂಟನು ಗೊತ್ತಾದ ವೇಳೆಗೆ ಬರುತ್ತಿದ್ದಂತೆ ಆ್ಯಪ್ ಕೂಡ ಕೆಲಸದ ವೇಳೆಗೇ ನೆನಪಿಸಬೇಕು. ಚೀಲದ ನೆನಪು ಚಪ್ಪಲಿ ಮೆಟ್ಟುವಾಗ ಬರಬೇಕೇ ಹೊರತು ರಾತ್ರಿ ಮಲಗುವಾಗಲ್ಲ.

3. ಲೆಕ್ಕ ನಂಬುವಂತಿರಲಿ. 75 ವ್ಯಾಟಿನ ಫ್ಯಾನು ಬರಿದಾದ ಕೋಣೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ತಿರುಗಿದರೆ ತಿಂಗಳಿಗೆ 9 ಯೂನಿಟ್ಟು ವ್ಯರ್ಥ. ಹವಾನಿಯಂತ್ರಕದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಅದರ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 6ರಷ್ಟು ಉಳಿಯುವುದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಪಾಸ್‌ಬುಕ್ಕಿನಂತೆ ಆ್ಯಪ್ ಇಂತಹ ಅಂಕಿಗಳನ್ನು ತೋರಿಸಲಿ. ಹೋಲಿಕೆ ಮಾತ್ರ ನೆರೆಮನೆಯೊಡನಲ್ಲ, ನಮ್ಮದೇ ಹಿಂದಿನ ತಿಂಗಳಿನೊಡನೆ.

4. ಒಂದು ದಿನ ತಪ್ಪಿದರೆ ಖಾತೆ ರದ್ದಾಗದಿರಲಿ. ಅನೇಕ ಆ್ಯಪ್‌ಗಳಲ್ಲಿ ಒಂದು ದಿನ ಬಿಟ್ಟರೆ ಎಣಿಕೆ ಸೊನ್ನೆಗಿಳಿಯುತ್ತದೆ. ಬಳಕೆದಾರ ಬೇಸತ್ತು ಎಲ್ಲವನ್ನೂ ಕೈಬಿಡುತ್ತಾನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರೊಡನೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಅಭ್ಯಾಸ ಬೇರೂರಲು ಸುಮಾರು 66 ದಿನ ಬೇಕು. ವ್ಯಕ್ತಿಗೂ ಕೆಲಸಕ್ಕೂ ತಕ್ಕಂತೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾದೀತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ.

5. ಖಾತೆ ಎಲ್ಲರದೂ ಆಗಿರಲಿ. ಇದೇ ಮುಖ್ಯವಾದ ಮಾತು. ಕಸ, ನೀರು, ಅಡಿಗೆಮನೆ ಎಂದೊಡನೆ ಹೊರೆಯೆಲ್ಲ ಗೃಹಿಣಿಯ ತಲೆಗೇರುವುದು ನಮ್ಮ ವಾಡಿಕೆ. ಆ್ಯಪ್ ಆಕೆಯ ತಪ್ಪುಗಳ ಪಟ್ಟಿಯಾಗಕೂಡದು. ಗಂಡನಿಗೂ ಮಕ್ಕಳಿಗೂ ಒಂದೊಂದು ಅಭ್ಯಾಸ ಹಂಚಿಕೆಯಾಗಬೇಕು. ಬ್ಯಾಂಕಿನ ಖಾತೆಯಂತೆ ಮನೆಯ ಲೆಕ್ಕವೂ ಗೋಪ್ಯ. ಅದು ಜಾಹೀರಾತುದಾರರ ಕೈಸೇರಬಾರದು.

ಆರೋಗ್ಯದ ದೃಷ್ಟಿಯಿಂದಲೂ ಇದರಲ್ಲಿ ಲಾಭವುಂಟು. 2018ರಲ್ಲಿ ತೆರೆದ ಸ್ಕೈವಾಕ್ ದಕ್ಷಿಣೇಶ್ವರದ ದೇವಾಲಯಕ್ಕೆ ನಡೆದು ಹೋಗುವುದನ್ನು ಸುಗಮಗೊಳಿಸಿತು. 2021ರ ಫೆಬ್ರವರಿಯಲ್ಲಿ ಮೆಟ್ರೋ ಇಲ್ಲಿಯವರೆಗೆ ಬಂದಿತು. ನಿಲ್ದಾಣಕ್ಕೆ ಟೋಟೋ ಏರುವ ಬದಲು ಹೋಗುವಾಗ ಹದಿನೈದು ನಿಮಿಷ, ಬರುವಾಗ ಹದಿನೈದು ನಿಮಿಷ ಚುರುಕಾಗಿ ನಡೆದರೆ ವಾರದ ಐದು ದಿನಗಳಲ್ಲಿ 150 ನಿಮಿಷಗಳಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸಿರುವ ಕನಿಷ್ಠ ಪ್ರಮಾಣವೂ ಅಷ್ಟೇ. ಒಂದೇ ಜಮೆಗೆ ಎರಡು ಖಾತೆಗಳಲ್ಲಿ ಬಡ್ಡಿ!

ತರುಣರಲ್ಲಿ ಒಂದು ವಿನಂತಿ: ಆ್ಯಪ್ ಬರೆಯುವುದಕ್ಕೆ ಮುನ್ನ ಹತ್ತು ಮನೆಗಳ ಗೋಡೆಗೆ ಪಿಗ್ಮಿ ಕಾರ್ಡಿನಂತಹ ಒಂದು ಕಾಗದವನ್ನು ತೂಗುಹಾಕಿ, ಅರವತ್ತಾರು ದಿನ ಗುರುತು ಹಾಕಿಸಿ ನೋಡಿ. ಕಾಗದದಲ್ಲಿ ನಡೆಯದ ಯೋಜನೆ ಫೋನಿನಲ್ಲಿಯೂ ನಡೆಯದು. ಆ್ಯಪ್ ತೆಗೆದುಹಾಕಿದ ಮೇಲೂ ಕೈ ತಾನಾಗಿ ಸ್ವಿಚ್ಚಿನತ್ತ ಹೋದರೆ ಅದು ಸಾರ್ಥಕವಾಯಿತೆಂದು ತಿಳಿಯಬೇಕು. ಹನಿ ಹನಿ ಕೂಡಿದರೆ ಹಳ್ಳ ಎಂಬ ಹಿರಿಯರ ಮಾತು ಹಣಕ್ಕೆ ಮಾತ್ರ ಮೀಸಲಲ್ಲ.